ಪೆಟ್ಟಿಗೆಯ ಹುಡುಗಿ, ಪರದೆಯ ಹುಡುಗಿ

ನಮ್ಮ ಭಾಷೆಯಲ್ಲಿ ಜಾದೂವಿಗೆ ಯಕ್ಷಿಣಿ ಎಂಬ ಹಳೆಯ ಹೆಸರೊಂದಿದೆ. ಹೆಸರು ಹೆಣ್ಣಿನದು, ಆದರೆ ಆ ವಿದ್ಯೆಯನ್ನು ರಂಗದ ಮೇಲೆ ತೋರಿಸುವವನು ಯಕ್ಷಿಣಿಗಾರ. ಕರಿಕೋಟು, ಜರತಾರಿ ಪೇಟ, ಮಂತ್ರದಂಡ ಎಲ್ಲವೂ ಅವನವೇ. ಗೊಂಬೆಯ ವಿಷಯದಲ್ಲೂ ಇಂಥದೇ ಒಂದು ವಿಚಿತ್ರವಿದೆ. 'ಪಾಪ, ಅವಳೇನು ಮಾಡ್ತಾಳೆ, ಗಂಡನ ಕೈಗೊಂಬೆ' ಎಂದು ನಾವು ಆಡಿಕೊಳ್ಳುವುದುಂಟು. ಸ್ವಂತ ಮಾತಿಲ್ಲದವಳು, ಸ್ವಂತ ಬುದ್ಧಿಯಿಲ್ಲದವಳು ಎಂದು ಅದರ ಅರ್ಥ. ಆದರೆ ಕೈಗೊಂಬೆಯನ್ನು ನಿಜವಾಗಿಯೂ ಕೈಗೆ ತೊಟ್ಟು ಆಡಿಸಿದ ಹೆಣ್ಣುಮಗಳನ್ನು ಕೇಳಿ ನೋಡಿ. ತನ್ನ ಬಾಯಲ್ಲಿ ಬರದ ಮಾತು ಆ ಗೊಂಬೆಯ ಬಾಯಲ್ಲಿ ಎಷ್ಟು ಸಲೀಸಾಗಿ ಬಂದುಬಿಡುತ್ತದೆ ಎಂದು ಅವಳು ಹೇಳಿಯಾಳು.

ಕಾದಂಬರಿ, ಸಿನಿಮಾ, ಧಾರಾವಾಹಿಗಳನ್ನು ಬಿಚ್ಚಿ ಬಿಚ್ಚಿ ವಿಮರ್ಶೆ ಮಾಡುವ ನಾವು ಮಕ್ಕಳ ಸ್ಕೂಲ್ ಡೇ ಕಾರ್ಯಕ್ರಮಗಳನ್ನು ಮಾತ್ರ ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸುವುದಿಲ್ಲ. ನಮ್ಮ ಮಗು ಎಡಗಡೆಯಿಂದ ಎಷ್ಟನೆಯದು ಎಂದು ಹುಡುಕುವುದರಲ್ಲಿ, ಈಗಂತೂ ಮೊಬೈಲಿನಲ್ಲಿ ಹಿಡಿದಿಡುವುದರಲ್ಲಿ, ನಮ್ಮ ಸಂಜೆ ಕಳೆದುಹೋಗುತ್ತದೆ. ಆದರೆ ಒಂದು ಊರಿನ ಹುಡುಗ ಹುಡುಗಿಯರು ಎಲ್ಲರೆದುರು ನಿಲ್ಲುವುದನ್ನು ಮೊಟ್ಟಮೊದಲು ಕಲಿಯುವುದು ಆ ಬೆಂಚು ಜೋಡಿಸಿ ಕಟ್ಟಿದ ರಂಗದ ಮೇಲೆಯೇ ಅಲ್ಲವೇ? ಅಲ್ಲಿ ಯಾರಿಗೆ ಯಾವ ಪಾತ್ರ ಸಿಗುತ್ತದೆ, ಯಾರ ಕೈಗೆ ಯಾವ ಸಾಮಾನು ಬರುತ್ತದೆ, ಯಾರಿಗೆ ಮಾತು ಸಿಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಜಾದೂ ಮತ್ತು ಗೊಂಬೆಯಾಟ ಎಂಬ ಎರಡು ಬಾಬತ್ತುಗಳನ್ನು ಇಟ್ಟುಕೊಂಡು ಈ ಮಾತನ್ನು ಸ್ವಲ್ಪ ಬೆಳೆಸುವ ಆಸೆ ನನ್ನದು. ಎರಡರಲ್ಲೂ ನಾನು ಹುಡುಗಿಯಾಗಿದ್ದಾಗ ಪಾಲುಗೊಂಡವಳಾದ್ದರಿಂದ ನನ್ನ ಮಾತಿನಲ್ಲಿ ಸ್ವಂತ ಅನುಭವದ ಒಗ್ಗರಣೆ ಇದ್ದೇ ಇರುತ್ತದೆ.

ನಾನು ಓದಿದ್ದು ಮಲೆನಾಡಿನ ಒಂದು ಸಣ್ಣ ಪೇಟೆಯ ಹೈಸ್ಕೂಲಿನಲ್ಲಿ, 1970ರ ದಶಕದ ಕೊನೆಗೆ. ನಮ್ಮ ವಿಜ್ಞಾನದ ಮೇಷ್ಟ್ರಿಗೆ ಜಾದೂವಿನ ಹುಚ್ಚು. ಹತ್ತನೆಯ ತರಗತಿಯ ನಾಲ್ಕೈದು ಹುಡುಗರನ್ನು ಆರಿಸಿಕೊಂಡು ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅವರಿಗೆ ಕಲಿಸುತ್ತಿದ್ದರು. ಕರವಸ್ತ್ರದಲ್ಲಿ ಸುತ್ತಿ ಮುರಿದ ಬೆಂಕಿಕಡ್ಡಿ ಮತ್ತೆ ಇಡಿಯಾಗಿ ಬರುವುದು, ಗಾಜಿನ ಲೋಟದ ಹಳದಿ ನೀರು ಚಪ್ಪಾಳೆ ತಟ್ಟಿದೊಡನೆ ಕೆಂಪಾಗುವುದು, ಖಾಲಿ ಚೀಲದಿಂದ ಮೊಟ್ಟೆ ಬರುವುದು ಇತ್ಯಾದಿ. ಕೊನೆಯ ದೊಡ್ಡ ಆಟಕ್ಕೆ ಮಾತ್ರ ಒಬ್ಬ ಹುಡುಗಿ ಬೇಕಾಗಿದ್ದಳು, ಪೆಟ್ಟಿಗೆಯೊಳಗೆ ಹೋಗಿ ಮಾಯವಾಗುವುದಕ್ಕೆ. ಎಂಟನೆಯ ತರಗತಿಯಲ್ಲಿದ್ದ ನಾನು, ಇಡೀ ಶಾಲೆಯಲ್ಲಿ ನನ್ನಷ್ಟು ಸಪೂರದವಳು ಇನ್ನೊಬ್ಬಳಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಆಯ್ಕೆಯಾದೆ.

ನನಗೆ ಕಲಿಸಿದ ಪಾಠ ಮೂರು. ಒಳಗೆ ಹೋಗುವಾಗ ನಗಬೇಕು, ಮಾತಾಡಬಾರದು, ಒಳಗಿನಿಂದ ಉಸಿರಿನ ಸದ್ದು ಕೇಳಿಸಬಾರದು. ಬಾಗಿಲು ಮುಚ್ಚಿದೊಡನೆ ನಾನು ಮಂಡಿಯನ್ನು ಗಲ್ಲಕ್ಕೆ ತಾಗಿಸಿ, ಹೊಸ ವಾರ್ನಿಶ್ಶಿನ ಘಾಟು ಕುಡಿಯುತ್ತಾ, ಆಚಾರಿ ಮಾಡಿಕೊಟ್ಟಿದ್ದ ಒಂದು ಸಂದಿಯಲ್ಲಿ ಮುದುರಿಕೊಳ್ಳಬೇಕಿತ್ತು. ಹೊರಗೆ ಹತ್ತನೆಯ ತರಗತಿಯ ಅಣ್ಣ ದಂಡದಿಂದ ಪೆಟ್ಟಿಗೆಯ ನಾಲ್ಕೂ ಕಡೆ ಕುಟ್ಟಿ, ಬಾಗಿಲು ತೆರೆದು 'ನೋಡಿ ಮಹನೀಯರೇ, ಖಾಲಿ!' ಎನ್ನುತ್ತಿದ್ದ. ಚಪ್ಪಾಳೆ. ಮತ್ತೆ ಮುಚ್ಚಿ ತೆರೆದರೆ ನಾನು ನಗುತ್ತಾ ನಿಂತಿರಬೇಕು. ಮತ್ತೆ ಚಪ್ಪಾಳೆ. ಹುಡುಗ ಬಗ್ಗಿ ನಮಸ್ಕರಿಸುತ್ತಿದ್ದ. ಆ ಸಲ ಅವನಿಗೆ ಬಹುಮಾನವಾಗಿ ಒಂದು ಸ್ಟೀಲಿನ ಊಟದ ಡಬ್ಬಿ ಬಂತು.

ಈಗ ಆ ಆಟವನ್ನು ವಿಮರ್ಶಕಿಯ ಕಣ್ಣಿನಿಂದ ನೋಡಿದರೆ ಒಂದು ಸರಳ ಸಂಗತಿ ಹೊಳೆಯುತ್ತದೆ. ಪೆಟ್ಟಿಗೆಯ ಆಟದಲ್ಲಿ ಕೆಲಸವೆಲ್ಲ ಒಳಗಿದ್ದವಳದು. ಕಾಲ ಲೆಕ್ಕ ಹಾಕುವವಳು ಅವಳು, ಮೈ ಮಡಚುವವಳು ಅವಳು, ಕೆಮ್ಮು ತಡೆಯುವವಳು ಅವಳು. ಹೊರಗಿನವನ ಕೆಲಸ ಕೈ ಬೀಸುವುದು. ಅಡುಗೆಮನೆಯಲ್ಲಿ ಬೆವರಿಳಿಸಿದವಳು ಒಳಗೇ ಉಳಿದು, ಪಂಕ್ತಿಯಲ್ಲಿ ಉಪಚಾರ ಹೇಳಿದವರಿಗೆ ಊಟದ ಹೊಗಳಿಕೆಯೆಲ್ಲ ಸಲ್ಲುವುದನ್ನು ಕಂಡ ನಮಗೆ ಇದು ಹೊಸದೇನಲ್ಲ. ಆದರೆ ಶಾಲೆ ಎಂಬ ಕಡೆಯಲ್ಲಿ, ಕಲಿಸುವುದಕ್ಕೆಂದೇ ಇರುವ ಕಡೆಯಲ್ಲಿ, ಹುಡುಗನಿಗೆ ವಿದ್ಯೆಯನ್ನೂ ಹುಡುಗಿಗೆ ಮಾಯವಾಗುವುದನ್ನೂ ಹಂಚಿಕೊಟ್ಟರಲ್ಲ, ಆ ಹಂಚಿಕೆಯ ಬಗ್ಗೆ ನನ್ನ ತಕರಾರು.

ಈ ಪೆಟ್ಟಿಗೆಯೇನೂ ನಮ್ಮ ಪೇಟೆಯ ಆಚಾರಿ ಕಂಡುಹಿಡಿದದ್ದಲ್ಲ. ಹೆಣ್ಣನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಕೊಯ್ಯುವ ಆಟವನ್ನು ಪಿ.ಟಿ. ಸೆಲ್ಬಿಟ್ ಎಂಬ ಜಾದೂಗಾರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ಜನರಿಗೆ ತೋರಿಸಿದ್ದು 1921ರ ಜನವರಿ 17ರಂದು. ಅದಕ್ಕೆ ಮೂರು ವರ್ಷ ಮುಂಚೆ, 1918ರಲ್ಲಿ, ಆ ದೇಶದಲ್ಲಿ ಮೂವತ್ತು ದಾಟಿದ ಹೆಂಗಸರಿಗೆ, ಆಸ್ತಿಯ ಕೆಲವು ಷರತ್ತುಗಳೊಡನೆ, ಮತದಾನದ ಹಕ್ಕು ಸಿಕ್ಕಿತ್ತು. ಆ ಹಕ್ಕಿಗಾಗಿ ಹೋರಾಡಿದವರಲ್ಲಿ ಹೆಸರಾದ ಕ್ರಿಸ್ಟಾಬೆಲ್ ಪ್ಯಾಂಕ್‌ಹರ್ಸ್ಟ್ ಅವರನ್ನೇ, ವಾರಕ್ಕೆ ಇಪ್ಪತ್ತು ಪೌಂಡು ಕೊಡುತ್ತೇನೆ, ಕೊಯ್ಯಿಸಿಕೊಳ್ಳಲು ಬನ್ನಿ ಎಂದು ಸೆಲ್ಬಿಟ್ ಕರೆದನಂತೆ! ಆಕೆ ಒಪ್ಪಲಿಲ್ಲ. ಪ್ರಚಾರದ ಗಿಮಿಕ್ಕು ಎಂದು ನಕ್ಕುಬಿಡಬಹುದು. ಆದರೆ ನಗುವ ಮುಂಚೆ ಒಂದು ಕ್ಷಣ ಯೋಚಿಸಬೇಕು. ಬಾಯಿ ಬಿಟ್ಟು ಬೀದಿಯಲ್ಲಿ ಹಕ್ಕು ಕೇಳಿದವಳನ್ನೇ ಪೆಟ್ಟಿಗೆಯಲ್ಲಿ ಮಲಗಿಸಿ ನೋಡುವ ಆಸೆ ಆ ಕಾಲದ ಪ್ರೇಕ್ಷಕರಲ್ಲಿ ಇದೆಯೆಂದು ಅವನ ವ್ಯಾಪಾರದ ಮೂಗಿಗೆ ವಾಸನೆ ಬಡಿದಿತ್ತು.

ನಮ್ಮ ದೇಶದ ಹೆಮ್ಮೆಯ ಪಿ.ಸಿ. ಸರ್ಕಾರ್ ಅವರ ಕಥೆಯನ್ನು ನಾವೆಲ್ಲ ಬಲ್ಲೆವು. 1956ರ ಏಪ್ರಿಲ್ 9ರಂದು ಬಿಬಿಸಿ ಟೆಲಿವಿಷನ್ನಿನ 'ಪನೋರಮಾ' ಕಾರ್ಯಕ್ರಮದಲ್ಲಿ ಅವರು ಯಂತ್ರದ ಗರಗಸದಿಂದ ಹುಡುಗಿಯೊಬ್ಬಳನ್ನು ಕೊಯ್ದು ತೋರಿಸಿದರು. ಆಮೇಲೆ ಕೈ ಉಜ್ಜಿ ಎಬ್ಬಿಸಲು ಹೋದರೆ ಅವಳು ಏಳಲಿಲ್ಲ. ಸರ್ಕಾರ್ ಅವಳ ಮುಖಕ್ಕೆ ಬಟ್ಟೆ ಮುಚ್ಚಿದರು, ನಿರೂಪಕರು ಕಾರ್ಯಕ್ರಮ ಮುಗಿಯಿತೆಂದು ಸಾರಿಬಿಟ್ಟರು. ಹುಡುಗಿ ಸತ್ತೇಹೋದಳೆಂದು ಹೆದರಿದ ವೀಕ್ಷಕರು ಫೋನಿನ ಮೇಲೆ ಫೋನು ಮಾಡಿದರು. ಮಾರನೆಯ ದಿನದ ಪತ್ರಿಕೆಗಳ ತುಂಬ ಇದೇ ಸುದ್ದಿ. ಸರ್ಕಾರ್ ಅವರ ಲಂಡನ್ ಪ್ರದರ್ಶನಗಳ ಟಿಕೆಟ್ಟು ಬಿಸಿ ದೋಸೆಯಂತೆ ಖರ್ಚಾದವು. ಇಷ್ಟೆಲ್ಲ ಆಗುವಷ್ಟು ಹೊತ್ತು ಕಣ್ಣೆವೆ ಅಲುಗಿಸದೆ ಮಲಗಿದ್ದ ಆ ಹುಡುಗಿಗೆ ಹದಿನೇಳು ವರ್ಷ. ಅವಳ ಹೆಸರು ದೀಪ್ತಿ ದೇ. ಸರ್ಕಾರ್ ಹೆಸರು ಗೊತ್ತಿರುವ ಹತ್ತು ಜನರನ್ನು ಕೇಳಿ ನೋಡಿ, ಒಬ್ಬರಿಗಾದರೂ ದೀಪ್ತಿಯ ಹೆಸರು ಗೊತ್ತಿದ್ದರೆ ನಿಮ್ಮ ಅದೃಷ್ಟ.

ಇನ್ನೊಂದು ಕಥೆ ಇದಕ್ಕಿಂತ ಸೊಗಸು. ಲಂಡನ್ನಿನ 'ಮ್ಯಾಜಿಕ್ ಸರ್ಕಲ್' ಎಂಬ ಜಾದೂಗಾರರ ಸಂಘ ಶುರುವಾದದ್ದು 1905ರಲ್ಲಿ. ಹೆಂಗಸರಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ ಎಂಬ ಮಾತನ್ನು ಮುಂದಿಟ್ಟುಕೊಂಡು ಆ ಸಂಘ ಎಂಬತ್ತಾರು ವರ್ಷ ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲಿಲ್ಲ. 1991ರಲ್ಲಿ ಸೋಫಿ ಲಾಯ್ಡ್ ಎಂಬ ನಟಿ, ಜೆನ್ನಿ ವಿನ್‌ಸ್ಟಾನ್ಲಿ ಎಂಬ ಜಾದೂಗಾರ್ತಿಯ ಮಾರ್ಗದರ್ಶನದಲ್ಲಿ ಗಂಡುಹುಡುಗನ ವೇಷ ಹಾಕಿಕೊಂಡು ಹೋಗಿ ಪರೀಕ್ಷೆ ಕೊಟ್ಟು, ಪಾಸಾಗಿ, ಸದಸ್ಯಳಾದಳು. ಕೈ ನೋಡಿ ಹೆಣ್ಣೆಂದು ಗೊತ್ತಾದೀತೆಂದು ಕೈಗವಸು ತೊಟ್ಟೇ ಕೈಚಳಕ ಮಾಡಿದಳಂತೆ. ಕೈಗವಸು ತೊಟ್ಟು ಹೆರಳು ಹೆಣೆಯಲು ಹೋಗಿ ನೋಡಿ, ಅದೆಂಥ ಸಾಹಸ ಎಂದು ತಿಳಿಯುತ್ತದೆ. ಆ ವರ್ಷವೇ ಸಂಘ ಹೆಂಗಸರಿಗೆ ಬಾಗಿಲು ತೆರೆಯಿತು. ಸೋಫಿ ತನ್ನ ಗುಟ್ಟು ಬಿಚ್ಚಿದಳು. ಸಂಘ ಅವಳನ್ನೇ ಹೊರಗೆ ಹಾಕಿತು! ತಪ್ಪಾಯಿತೆಂದು ಹೇಳಿ ಅವಳನ್ನು ಮತ್ತೆ ಕರೆದುಕೊಂಡದ್ದು 2025ರಲ್ಲಿ, ಮೂವತ್ತನಾಲ್ಕು ವರ್ಷಗಳ ಮೇಲೆ. ಹೆಂಗಸಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ ಎಂದವರ ನಡುವೆಯೇ ತಿಂಗಳುಗಟ್ಟಲೆ ತಾನು ಹೆಣ್ಣೆಂಬ ಗುಟ್ಟನ್ನು ಇಟ್ಟುಕೊಂಡಿದ್ದವಳು ಅವಳು.

ಪೆಟ್ಟಿಗೆಯ ವರ್ಷ ಕಳೆದು ನಾನು ಒಂಬತ್ತನೆಯ ತರಗತಿಗೆ ಬಂದಾಗ ನಮ್ಮ ಶಾಲೆಗೆ ಹೊಸ ಕ್ರಾಫ್ಟ್ ಟೀಚರ್ ಬಂದರು. ಬಳ್ಳಾರಿ ಕಡೆಯವರು. ಚಿಕ್ಕಂದಿನಲ್ಲಿ ರಾತ್ರಿಯಿಡೀ ತೊಗಲುಗೊಂಬೆ ಆಟ ನೋಡಿ ಬೆಳೆದವರು. ಬಿಳಿ ಪರದೆಯ ಹಿಂದೆ ದೀಪವಿಟ್ಟು, ಬಣ್ಣ ಹಾಕಿದ ಚರ್ಮದ ಗೊಂಬೆಗಳನ್ನು ಪರದೆಗೆ ಒತ್ತಿ ಹಿಡಿದು ಆಡಿಸುವ ಆ ಆಟದಲ್ಲಿ ದೇವರು, ರಾಜರ ಗೊಂಬೆಗಳು ದೊಡ್ಡವು, ಆಳುಕಾಳುಗಳ ಗೊಂಬೆಗಳು ಚಿಕ್ಕವು ಎಂದು ಅವರು ಹೇಳುತ್ತಿದ್ದರು. ಆದರೆ ರಾಮ ರಾವಣರು ಬರುವ ಮುಂಚೆ ಪರದೆಗೆ ಬಂದು ಜನರನ್ನು ಬಿದ್ದು ಬಿದ್ದು ನಗಿಸುವವರು ಗುಡಾಣ ಹೊಟ್ಟೆಯ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ದೊಡ್ಡ ಗೊಂಬೆಗಳು ಪುರಾಣ ಹೇಳಿದರೆ ಈ ಚಿಕ್ಕ ಗೊಂಬೆಗಳು ಊರಿನ ಸುದ್ದಿ ಹೇಳುತ್ತವೆ. ಯಾರನ್ನು ಬೇಕಾದರೂ ಹಾಸ್ಯ ಮಾಡುವ ಪರವಾನಗಿ ಅವುಗಳಿಗೆ.

ಟೀಚರು ನಮಗೆ ಕಲಿಸಿದ್ದು ತೊಗಲುಗೊಂಬೆಯನ್ನಲ್ಲ. ಅದಕ್ಕೆ ಚರ್ಮ ಹದ ಮಾಡಬೇಕು, ತಲೆಮಾರಿನ ವಿದ್ಯೆ ಬೇಕು. ಅವರು ಕಲಿಸಿದ್ದು ಕೈಗೆ ತೊಡುವ ಗೊಂಬೆ. ಹಳೆಯ ಪತ್ರಿಕೆಗಳನ್ನು ಚೂರು ಮಾಡಿ ಎರಡು ದಿನ ನೆನೆಹಾಕಿ, ನೆನೆದ ಮೆಂತ್ಯದ ಜೊತೆ ಒರಳಲ್ಲಿ ಹಾಕಿ ರುಬ್ಬುವುದು. ಮೊರಕ್ಕೆ, ಬುಟ್ಟಿಗೆ ನಮ್ಮ ಅಜ್ಜಿಯರು ಮೆತ್ತುತ್ತಿದ್ದರಲ್ಲ, ಅದೇ ಹದ. ಸುಟ್ಟುಹೋದ ಬಲ್ಬಿನ ಮೇಲೆ ಆ ಹಿಟ್ಟನ್ನು ಮೆತ್ತಿ, ಮೂಗು ಗಲ್ಲ ಎತ್ತರಿಸಿ ಒಣಗಿಸುವುದು. ಒಣಗಿದ ಮೇಲೆ ಬ್ಲೇಡಿನಿಂದ ಕಿವಿಯಿಂದ ಕಿವಿಗೆ ಸೀಳಿ, ಬಲ್ಬು ತೆಗೆದು, ಎರಡು ಹೋಳನ್ನೂ ಮತ್ತೆ ಅಂಟಿಸುವುದು. ಕುತ್ತಿಗೆಗೆ ಪೋಸ್ಟ್ ಕಾರ್ಡಿನ ಸುರುಳಿ, ಕೂದಲಿಗೆ ಸೆಣಬು, ಮೈಗೆ ಅಮ್ಮನ ಹಳೆಯ ರವಿಕೆಯ ಬಟ್ಟೆ. ತೋರುಬೆರಳು ತಲೆಗೆ, ಹೆಬ್ಬೆರಳು ಮತ್ತು ಮಧ್ಯದ ಬೆರಳು ಎರಡು ಕೈಗೆ. ಇಷ್ಟೇ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬೇಕಾಗಿದ್ದ ಪ್ರತಿಯೊಂದು ಕೆಲಸವೂ, ನೆನೆಹಾಕುವುದು, ರುಬ್ಬುವುದು, ಹೊಲಿಯುವುದು, ಅಂಟಿಸುವುದು, ಹುಡುಗಿಯರಾದ ನಮಗೆ ಮೊದಲೇ ಗೊತ್ತಿತ್ತು. ನಮ್ಮ ಮನೆಯ ವಿದ್ಯೆಗೆ ಶಾಲೆಯಲ್ಲಿ ಒಂದು ಬೆಲೆ ಇದೆಯೆಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಆದರೆ ಗೊಂಬೆ ಮಾಡುವುದು ಅರ್ಧ ಕೆಲಸ. ಪರದೆಯ ಮರೆಯಲ್ಲಿ ನೆಲದ ಮೇಲೆ ಕೂತು, ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಅರ್ಧ ಗಂಟೆ ಹಿಡಿಯುವುದೆಂದರೆ ರಟ್ಟೆ ಬಿದ್ದುಹೋಗುತ್ತದೆ. ಮಾತಾಡುವ ಗೊಂಬೆ ಮಾತ್ರ ಅಲ್ಲಾಡಬೇಕು, ಕೇಳುವ ಗೊಂಬೆ ಸುಮ್ಮನಿರಬೇಕು. ಇಲ್ಲದಿದ್ದರೆ ಯಾರು ಮಾತಾಡುತ್ತಿದ್ದಾರೆಂದೇ ನೋಡುವವರಿಗೆ ತಿಳಿಯುವುದಿಲ್ಲ. ಇನ್ನೊಬ್ಬರು ಮಾತಾಡುವಾಗ ಸುಮ್ಮನಿರುವುದು ಎಂಥ ದೊಡ್ಡ ಅಭಿನಯ ಎಂದು ನಾನು ಕಲಿತದ್ದು ಅಲ್ಲಿ. ಎಷ್ಟೋ ಸಭೆ ಸಮಾರಂಭಗಳಲ್ಲಿ ಕೂತು ನೋಡಿದ ಮೇಲೆ, ಈ ಪಾಠ ಹುಡುಗರಿಗೂ ಆಗಬೇಕಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ!

ನಮ್ಮ ಗುಂಪಿನಲ್ಲಿ ಒಬ್ಬ ಗೆಳತಿಯಿದ್ದಳು. ಅವಳ ತಾಯಿ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂತು ಮಧ್ಯರಾತ್ರಿಯವರೆಗೆ ಸುಲಿಯುವ ಕೆಲಸ. ರಜೆಯಲ್ಲಿ ಇವಳೂ ಜೊತೆಗೆ. ಹಸಿ ಅಡಿಕೆಯ ಕಲೆ ಹಿಡಿದು ಅವಳ ಬೆರಳುಗಳು ಕಪ್ಪಾಗಿರುತ್ತಿದ್ದವು. ತರಗತಿಯಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ. ಅವಳ ಮನೆಯ ಕನ್ನಡಕ್ಕೆ ಮೇಷ್ಟ್ರುಗಳಿಂದ ಹಿಡಿದು ಮುಂದಿನ ಬೆಂಚಿನವರವರೆಗೆ ಎಲ್ಲರೂ ನಗುತ್ತಿದ್ದರು. ಅಡಿಕೆ ಸುಲಿದ ಆ ಬೆರಳುಗಳಿಗೆ ಎಂಥ ಚುರುಕು ಬಂದಿತ್ತೆಂದರೆ, ಗೊಂಬೆ ತೊಟ್ಟ ಮೊದಲ ದಿನವೇ ಅವಳ ಗೊಂಬೆ ತಲೆ ಕೆರೆದುಕೊಂಡಿತು, ಸೆರಗು ಸಿಕ್ಕಿಸಿಕೊಂಡಿತು, ಮೂಗು ಒರೆಸಿಕೊಂಡಿತು. ಟೀಚರು ಅವಳಿಗೆ ಬಂಗಾರಕ್ಕನ ಪಾತ್ರ ಕೊಟ್ಟರು. ಮಾತು ಬರೆದುಕೊಡಲಿಲ್ಲ. 'ನಿನ್ನ ಬಂಗಾರಕ್ಕ ಏನು ಹೇಳ್ತಾಳೋ ಹೇಳಲಿ' ಎಂದರು.

ಸ್ಕೂಲ್ ಡೇ ದಿನ ನಮ್ಮ ಬಂಗಾರಕ್ಕ ಪರದೆಯ ಮೇಲೆ ಎದ್ದು ಕಿಳ್ಳೇಕ್ಯಾತನಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. 'ಏ ಕ್ಯಾತ, ಅಡಿಕೆ ಸುಲಿದೋಳು ನಾನು, ದುಡ್ಡು ಎಣಿಸ್ಕಂಡು ಬಂದೋನು ನೀನು. ಎಲ್ಲಿ, ನಿನ್ನ ಬೆರಳು ತೋರ್ಸು ನೋಡಾನ, ಒಂದಾದ್ರೂ ಕಪ್ಪಾಗೈತಾ?' ಕಿಳ್ಳೇಕ್ಯಾತನನ್ನು ಆಡಿಸುತ್ತಿದ್ದವಳು ನಾನು. ನನ್ನ ಗೊಂಬೆ ಬೆಪ್ಪಾಗಿ ತನ್ನ ಕೈಗಳನ್ನು ತಾನೇ ನೋಡಿಕೊಂಡಿತು. ಹಿಂದೆ ಚಾಪೆಯ ಮೇಲೆ ಕೂತಿದ್ದ ಹೆಂಗಸರ ಕಡೆಯಿಂದ ಎದ್ದ ನಗು ಪರದೆಯನ್ನು ದಾಟಿ ನಮ್ಮ ಮೈಮೇಲೆ ಬಿದ್ದ ಹಾಗಾಯಿತು. ಅದು ಬರಿ ನಗುವಾಗಿರಲಿಲ್ಲ. 'ಹೌದು ಕಣೇ, ಹೇಳು, ಹೇಳು' ಎಂಬ ದನಿಯೂ ಅದರಲ್ಲಿ ಇತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದ ಕೆಲವು ತೋಟದ ಮಾಲೀಕರು ಮಾತ್ರ ನಗಲಿಲ್ಲವೆಂದು ಆಮೇಲೆ ತಿಳಿಯಿತು.

ಮರುವರ್ಷ ಗೊಂಬೆಯಾಟ ಇರಲಿಲ್ಲ. 'ಹೆಣ್ಣುಮಕ್ಕಳಿಗೆ ಬಾಯಿ ಜಾಸ್ತಿಯಾಯಿತು' ಎಂದು ಆಡಳಿತ ಮಂಡಳಿಯಲ್ಲಿ ಮಾತು ಬಂತಂತೆ. ಟೀಚರು ವರ್ಗ ಮಾಡಿಸಿಕೊಂಡು ಹೋದರು. ನಮಗೆ ರೆಕಾರ್ಡು ಹಾಕಿ ಒಂದು ನೃತ್ಯ ಕಲಿಸಿದರು. ಜಾದೂ ಮಾತ್ರ ನಡೆಯುತ್ತಲೇ ಇತ್ತು. ಆ ಪೆಟ್ಟಿಗೆಯೊಳಗೆ ಪ್ರತಿ ವರ್ಷ ಒಬ್ಬ ಹೊಸ ಸಪೂರ ಹುಡುಗಿ ನಗುತ್ತಾ ಹೋಗಿ ಮಾಯವಾಗುತ್ತಿದ್ದಳು. ಅದರ ಬಗ್ಗೆ ಯಾರೂ ಆಕ್ಷೇಪ ಎತ್ತಲಿಲ್ಲ.

ಎರಡು ಕಲೆಗಳ ಗುಣವೇನೆಂದು ಇಷ್ಟರಿಂದ ನಿಮಗೆ ಹೊಳೆದಿರಬಹುದು. ಜಾದೂ ಹುಡುಗಿಯನ್ನು ಎಲ್ಲರೆದುರಿಗೆ ನಿಲ್ಲಿಸಿ ಅವಳ ಬಾಯಿ ಕಟ್ಟುತ್ತದೆ. ಗೊಂಬೆಯಾಟ ಅವಳನ್ನು ಮರೆಯಲ್ಲಿ ಕೂರಿಸಿ ಬಾಯಿ ಬಿಡಿಸುತ್ತದೆ. ಜಾದೂ ನಿಂತಿರುವುದು ಗುಟ್ಟಿನ ಮೇಲೆ. ಗುಟ್ಟು ಒಡೆದರೆ ಆಟ ಮುಗಿಯಿತು. ಗೊಂಬೆಯಾಟದಲ್ಲಿ ಗುಟ್ಟೇ ಇಲ್ಲ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಕಾಮತ್ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವನ್ನು ನೋಡಿ. ಬಡಗುತಿಟ್ಟಿನ ವೇಷ ತೊಟ್ಟ ಮರದ ಗೊಂಬೆಗಳು ಚೆಂಡೆ ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತವೆ. ದಾರ ಕಣ್ಣಿಗೆ ಕಾಣುತ್ತದೆ. ಮರದ್ದೆಂದು ಗೊತ್ತಿದೆ. ಆದರೂ ಹತ್ತು ನಿಮಿಷ ಕಳೆಯುವುದರೊಳಗೆ ನಾವು ದಾರವನ್ನು ನೋಡುವುದು ಬಿಟ್ಟಿರುತ್ತೇವೆ. ಗೊಂಬೆ ಅತ್ತರೆ ನಮಗೂ ಗಂಟಲು ಕಟ್ಟುತ್ತದೆ. ನಮ್ಮನ್ನು ಮೋಸಗೊಳಿಸದೆ ಬೆರಗುಗೊಳಿಸುವ ಕಲೆ ಇದು. ಶಾಲೆಗೆ ಇದಕ್ಕಿಂತ ತಕ್ಕ ಕಲೆ ಯಾವುದಿದೆ?

ಆದರೆ ಜಾದೂವನ್ನು ಶಾಲೆಯಿಂದ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಬೆಂಕಿಕಡ್ಡಿಯ ಆ ಸಣ್ಣ ಆಟವನ್ನು ನೂರು ಸಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಹುಡುಗನಿಗೆ ತಾಳ್ಮೆ ಬರುತ್ತದೆ, ಧೈರ್ಯ ಬರುತ್ತದೆ, ಜನರ ಕಣ್ಣು ಎಲ್ಲಿ ಹೋಗುತ್ತದೆಂಬ ತಿಳಿವಳಿಕೆ ಬರುತ್ತದೆ. ಅದು ಹುಡುಗಿಗೂ ಬರಲಿ ಎಂಬುದಷ್ಟೇ ನನ್ನ ಮಾತು. ಜೊತೆಗೆ, ಶಾಲೆಯ ಜಾದೂ ಗುಟ್ಟನ್ನು ಕೊನೆಯಲ್ಲಿ ಬಿಚ್ಚಿ ಹೇಳಬೇಕು. ರಂಗದ ಜಾದೂಗಾರನಿಗೆ ಗುಟ್ಟು ಹೊಟ್ಟೆಪಾಡು, ಅವನು ಹೇಳದಿರಲಿ. ಮೇಷ್ಟ್ರಿಗೆ ಹಾಗಲ್ಲ. ಪವಾಡಗಳ ಗುಟ್ಟು ಬಿಚ್ಚಿ ತೋರಿಸುತ್ತಾ ಊರೂರು ಸುತ್ತಿದ ಅಬ್ರಹಾಂ ಕೋವೂರ್, ಬಿ. ಪ್ರೇಮಾನಂದ್ ಅವರಂಥವರು ಹಾಕಿಕೊಟ್ಟ ದಾರಿ ಇದು. ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಗ್ಲಿಸರಿನ್ ತಾಗಿದರೆ ತಾನಾಗಿ ಬೆಂಕಿ ಹೊತ್ತುತ್ತದೆ ಎಂದು ಶಾಲೆಯಲ್ಲಿ ಕಣ್ಣಾರೆ ಕಂಡ ಹುಡುಗಿ, ಮುಂದೆ ಯಾರೋ ಬಂದು ತೆಂಗಿನಕಾಯಿಗೆ ಬೆಂಕಿ ಬರಿಸಿ 'ನಿಮ್ಮ ಮನೆಗೆ ಮಾಟವಾಗಿದೆ' ಎಂದರೆ ಬಳೆ ಬಿಚ್ಚಿಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ ಅಮಾನವೀಯ ಪದ್ಧತಿ ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಕಾಯಿದೆಯಾಗಿದೆ, ಒಳ್ಳೆಯದೇ. ಆದರೆ ಬಾಗಿಲಿಗೆ ಬಂದವನನ್ನು ಎದುರಿಸುವ ಹೊತ್ತಿಗೆ ಕೈಯಲ್ಲಿ ಕಾಯಿದೆಯ ಪುಸ್ತಕ ಇರುವುದಿಲ್ಲ, ತಲೆಯಲ್ಲಿ ತಿಳಿವಳಿಕೆ ಇರಬೇಕು.

ಹಳದಿ ನೀರು ಕೆಂಪಾಗುವ ಆಟ ಹೇಳಿದೆನಲ್ಲ. ನಮ್ಮ ಶಾಲೆಯ ಸಭಾಂಗಣ ಬೆರಗಾಗಿ ಚಪ್ಪಾಳೆ ತಟ್ಟಿದ ಆ ಆಟ ಏನೆಂದು ನಿಮಗೆ ಗೊತ್ತೇ ಇದೆ. ಅರಿಸಿನದ ನೀರಿಗೆ ಒಂದಿಷ್ಟು ಸುಣ್ಣ. ಮದುವೆ ಹಸೆಯ ಮುಂದೆ, ಬಾಣಂತಿಯ ಮುಂದೆ, ಊರಿನಿಂದ ಬಂದ ಮಗನ ಮುಂದೆ ನಮ್ಮ ಅಮ್ಮಂದಿರು ಆರತಿ ತಟ್ಟೆಯಲ್ಲಿ ಎಷ್ಟು ಸಲ ಇದನ್ನು ಮಾಡಿಲ್ಲ! ಅವರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಕೆಲಸಕ್ಕೆ ಕರಿಕೋಟು ತೊಡಿಸಿದರೆ ಯಕ್ಷಿಣಿ, ಸೆರಗು ಹೊದಿಸಿದರೆ ಶಾಸ್ತ್ರ. ಆ ದಿನ ಮೇಷ್ಟ್ರು ಸಭೆಯಲ್ಲಿದ್ದ ಯಾವುದಾದರೂ ತಾಯಿಯನ್ನು ವೇದಿಕೆಗೆ ಕರೆದು 'ಇದರ ಗುಟ್ಟು ಹೇಳಿಯಮ್ಮ' ಎಂದು ಕೇಳಿದ್ದರೆ ಎಂಥ ಪಾಠವಾಗುತ್ತಿತ್ತು!

ಕಾಲ ಬದಲಾಗಿದೆ ಎಂದು ನೀವು ಹೇಳಬಹುದು. ನಿಜ. ಉದಯಪುರದ ಸುಹಾನಿ ಶಾ ಏಳನೆಯ ವಯಸ್ಸಿಗೇ ಜಾದೂಗಾರ್ತಿಯಾಗಿ ರಂಗ ಹತ್ತಿದರು. ಸರ್ಕಾರ್ ಅವರ ಮೊಮ್ಮಗಳು ಮೇನಕಾ ಸರ್ಕಾರ್ ಪೆಟ್ಟಿಗೆಯ ಹೊರಗೆ ನಿಂತರು. ಆದರೆ ಸುಹಾನಿ ಆ ವಿದ್ಯೆಗಾಗಿ ಎಳೆಯ ವಯಸ್ಸಿನಲ್ಲೇ ಶಾಲೆಯನ್ನೇ ಬಿಡಬೇಕಾಯಿತು. ಮೇನಕಾ ಹುಟ್ಟಿದ್ದೇ ಜಾದೂಗಾರರ ಮನೆಯಲ್ಲಿ. ಶಾಲೆಯೇ ಕಲಿಸಿ ತಯಾರು ಮಾಡಿದ ಜಾದೂಗಾರ್ತಿಯರು ಎಷ್ಟು ಜನ ಎಂಬುದು ನನ್ನ ಪ್ರಶ್ನೆ.

ಗೊಂಬೆಯಾಟಕ್ಕೆ ಈಗ ಶಾಲೆಯಲ್ಲಿ ಮರ್ಯಾದೆ ಬಂದಿದೆ. 1979ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಶಿಕ್ಷಕರಿಗೆ ಗೊಂಬೆಯಾಟದ ತರಬೇತಿ ಕೊಡುತ್ತ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಳೆಯ ಮಕ್ಕಳ ಕಲಿಕೆಯ ಮಾತು ಹೇಳುವಾಗ ನಾಟಕದ ಪಕ್ಕದಲ್ಲಿ ಗೊಂಬೆಯಾಟವನ್ನೂ ಹೆಸರಿಸುತ್ತದೆ. ಸಂತೋಷ. ಆದರೆ ನಾನು ಈಚೆಗೆ ನೋಡಿದ ಎರಡು ಮೂರು ಶಾಲಾ ಗೊಂಬೆಯಾಟಗಳ ಬಗ್ಗೆ ಸಂತೋಷ ಪಡಲಾರೆ. ಅಲ್ಲಿ ಗೊಂಬೆಗಳು 'ಮಕ್ಕಳೇ, ಊಟಕ್ಕೆ ಮುಂಚೆ ಕೈ ತೊಳೆಯಬೇಕು', 'ಗಿಡ ನೆಡೋಣ, ನಾಡು ಉಳಿಸೋಣ' ಎನ್ನುತ್ತವೆ. ಮಾತು ಮೊದಲೇ ಧ್ವನಿಮುದ್ರಣವಾಗಿ ಸ್ಪೀಕರಿನಿಂದ ಬರುತ್ತದೆ, ಅದೂ ಯಾರೋ ದೊಡ್ಡವರ ಆಕಾಶವಾಣಿ ದನಿಯಲ್ಲಿ. ಹಿಂದೆ ಕೂತ ಮಕ್ಕಳು ಆ ದನಿಗೆ ತಕ್ಕಂತೆ ಗೊಂಬೆಯನ್ನು ಅಲ್ಲಾಡಿಸುತ್ತಾರೆ. ಈಗ ಹೇಳಿ, ಅಲ್ಲಿ ಗೊಂಬೆ ಯಾವುದು? ಬಟ್ಟೆಯದೋ, ಅದರ ಕೆಳಗೆ ಕೂತದ್ದೋ?

ಕೈ ತೊಳೆಯುವುದು ಒಳ್ಳೆಯ ಅಭ್ಯಾಸವೇ, ಗಿಡ ನೆಡುವುದೂ ಪುಣ್ಯದ ಕೆಲಸವೇ. ಆದರೆ ಅದನ್ನು ಹೇಳಲು ಗೋಡೆಯ ಮೇಲಿನ ಅಕ್ಷರ ಸಾಕು. ಗೊಂಬೆ ಬೇಕಾಗುವುದು ಗೋಡೆಯ ಮೇಲೆ ಬರೆಯಲಾಗದ ಮಾತಿಗೆ. ಬಂಗಾರಕ್ಕ ಹುಟ್ಟಿದ್ದೇ ಅದಕ್ಕಾಗಿ. ಅವಳ ಬಾಯಿ ಮುಚ್ಚಿಸಿ ಕೈಗೆ ಸಾಬೂನು ಕೊಟ್ಟರೆ ಉಳಿಯುವುದು ಕರಪತ್ರ.

ಪರದೆಯ ಹಿಂದಿನ ದನಿ ಎಂಥದಿರುತ್ತದೆಂದು ತಿಳಿಯಬೇಕಾದರೆ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ನೆನೆಯಬೇಕು. ಹದಿಹರೆಯದಿಂದಲೇ ತೊಗಲುಗೊಂಬೆಗಳ ಜೊತೆ ಬದುಕಿದ ಈ ಹಿರಿಯ ಜೀವಕ್ಕೆ 2025ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ತೊಗಲುಗೊಂಬೆಯ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಪರದೆಯ ಹಿಂದೆ ಕೂರುತ್ತಾರೆ. ಹೆಂಗಸರು ಹಾಡುತ್ತಾರೆ, ಮಾತಾಡುತ್ತಾರೆ, ಗೊಂಬೆ ಹಿಡಿಯುತ್ತಾರೆ. ಇತ್ತ ಬೆಂಗಳೂರಿನಲ್ಲಿ 'ಧಾತು' ಸಂಸ್ಥೆಯ ಅನುಪಮಾ ಹೊಸಕೆರೆ ಸೂತ್ರ ಸಲಾಕೆ ಗೊಂಬೆಗಳನ್ನು ಕೈಗೆತ್ತಿಕೊಂಡು ಹೊಸ ಮಕ್ಕಳಿಗೆ ಕಲಿಸುತ್ತಿದ್ದಾರೆ. ಒಬ್ಬರು ಹುಟ್ಟಿದ ಮನೆಯಿಂದ, ಇನ್ನೊಬ್ಬರು ತಾವಾಗಿ ಹುಡುಕಿಕೊಂಡು ಈ ವಿದ್ಯೆಗೆ ಬಂದವರು. ಎರಡು ಬಾಗಿಲೂ ಇಲ್ಲದ ಹುಡುಗಿಯರಿಗೆ ಶಾಲೆಯೊಂದೇ ಬಾಗಿಲು.

ನನ್ನ ಗೆಳತಿಯ ಬಗ್ಗೆ ಕೇಳುವಿರೇನೋ. ಹತ್ತನೆಯ ತರಗತಿ ಮುಗಿದೊಡನೆ ಅವಳ ಮದುವೆಯಾಯಿತು. ಗೊಂಬೆಯಾಟದಿಂದ ಅವಳ ಬಾಳು ಬದಲಾಯಿತು ಎಂದು ಹೇಳುವ ಸುಳ್ಳು ನನಗೆ ಬೇಡ. ಆದರೆ ಆಟ ಮುಗಿದ ಮೇಲೆ, ಪರದೆಯ ಹಿಂದೆ ಬೆವರು ಒರೆಸಿಕೊಳ್ಳುತ್ತಾ, 'ನಮ್ಮವ್ವ ನಕ್ಕಿದ್ದು ಕೇಳ್ತೇನೇ?' ಎಂದು ಅವಳು ನನ್ನನ್ನು ಕೇಳಿದಳು. ಅಷ್ಟು ಜನರ ನಗುವಿನಲ್ಲಿ ಅವಳಿಗೆ ತನ್ನ ಅವ್ವನ ನಗು ಬೇರೆಯಾಗಿ ಕೇಳಿಸಿತ್ತು. ಪೆಟ್ಟಿಗೆಯೊಳಗೆ ಮುದುರಿದ್ದ ವರ್ಷ ನನಗೆ ಚಪ್ಪಾಳೆ ಕೇಳಿಸಿತ್ತು. ಅದು ಯಾರದೆಂದು ಗೊತ್ತಾಗಿರಲಿಲ್ಲ, ಯಾರಿಗೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಅಕ್ಕತಂಗಿಯರೇ, ಈ ಸಲ ಮಕ್ಕಳ ಶಾಲೆಯಿಂದ ಆಹ್ವಾನ ಪತ್ರಿಕೆ ಬಂದಾಗ ಸೀರೆ ಯಾವುದು ಉಡಲಿ ಎಂಬ ಯೋಚನೆಯ ಜೊತೆಗೆ ಇನ್ನೆರಡು ಪ್ರಶ್ನೆ ಇಟ್ಟುಕೊಂಡು ಹೋಗಿ. ದಂಡ ಯಾರ ಕೈಯಲ್ಲಿದೆ? ಗೊಂಬೆಯ ಮಾತು ಯಾರದು? ಉತ್ತರ ಸರಿಬೀಳದಿದ್ದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಅಷ್ಟರವರೆಗೆ ಕಾಯುವ ತಾಳ್ಮೆ ಇಲ್ಲದವರು ರಜೆ ಬಂದೊಡನೆ ಮನೆಯಲ್ಲೇ ಶುರು ಮಾಡಬಹುದು. ಈಗ ಗಾಜಿನ ಬಲ್ಬು ಸಿಗುವುದು ಕಷ್ಟ, ಮಗುವಿನ ಹಳೆಯ ರಬ್ಬರ್ ಚೆಂಡಾದರೂ ಆದೀತು. ರದ್ದಿ ಪೇಪರು ಮನೆಯಲ್ಲಿದ್ದೇ ಇರುತ್ತದೆ. ಒಂದು ಹಿಡಿ ಮೆಂತ್ಯ ನೆನೆಹಾಕಿ.